ಹೊರಗೆ ಟ್ಯಾಂಕು ನಿಂತಿರುವಾಗ ಒಳಗೆ ಮನುಷ್ಯ ಏಕೆ ನುಗ್ಗಬೇಕು?

ಓದುಗರ ಪ್ರಶ್ನೆ: ಫಲೂಜಾ ಕದನದಲ್ಲಿ ಅಮೆರಿಕದ ಮರೀನ್ ಸೈನಿಕರ ಹತ್ತಿರ ಟ್ಯಾಂಕು, ವಿಮಾನ, ಫಿರಂಗಿ ಎಲ್ಲವೂ ಇದ್ದವು. ಹಾಗಿದ್ದೂ ಮನೆಮನೆಗೆ ನುಗ್ಗಿ ಸತ್ತದ್ದೇಕೆ? ದೂರದಿಂದಲೇ ಕೆಡವಬಹುದಿತ್ತಲ್ಲ?

ಕೆಡವಿದರು ಕೂಡ. 2004ರ ನವೆಂಬರ್ 8ರ ರಾತ್ರಿ ಬಂಡುಕೋರ ಹೋರಾಟಗಾರರ ಹಿಡಿತದಲ್ಲಿದ್ದ ಇರಾಕಿನ ಆ ಊರಿನ ಉತ್ತರಕ್ಕಿರುವ ರೈಲು ದಿಬ್ಬ ದಾಟಿದವರ ಜೊತೆ 120 ಮಿ.ಮೀ. ತೋಪಿನ ಅಬ್ರಾಮ್ಸ್ ಟ್ಯಾಂಕುಗಳೂ ಕವಚ ತೊಡಿಸಿದ ಡಿ-9 ಬುಲ್‌ಡೋಜರ್‌ಗಳೂ ಇದ್ದವು. ಆದರೆ ಟ್ಯಾಂಕಿಗೆ ಗೋಡೆ ಒಡೆಯಲು ಬರುತ್ತದೆ, ಗೋಡೆಯ ಹಿಂದೆ ಯಾರಿದ್ದಾರೆಂದು ನೋಡಲು ಬರುವುದಿಲ್ಲ. ಬಹುಪಾಲು ಜನ ಊರು ಬಿಟ್ಟಿದ್ದರು, ಎಲ್ಲರೂ ಅಲ್ಲ. ಮನೆ ಬಿದ್ದ ಮಾತ್ರಕ್ಕೆ ಒಳಗಿದ್ದವನು ಸತ್ತ ಎಂದೂ ಅಲ್ಲ. 1944ರಲ್ಲಿ ಇಟಲಿಯ ಮಾಂಟೆ ಕಸಿನೊ ಮಠವನ್ನು ಬಾಂಬು ಹಾಕಿ ಪುಡಿ ಮಾಡಿದ ಮೇಲೆ ಜರ್ಮನರು ಆ ಕಲ್ಲುರಾಶಿಯಲ್ಲೇ ಭದ್ರವಾಗಿ ಕೂತರು.

ಟ್ಯಾಂಕಿಗೆ ಇನ್ನೊಂದು ತೊಡಕು. ಅದರ ತೋಪು 20 ಡಿಗ್ರಿಗಿಂತ ಮೇಲೆ ಏಳುವುದಿಲ್ಲ. ಐದು ಮೀಟರ್ ಎತ್ತರದ ಮಹಡಿ ಕಿಟಕಿಗೆ ಗುರಿಯಿಡಬೇಕಾದರೆ ಎಂಟೊಂಬತ್ತು ಮೀಟರ್ ಹಿಂದೆ ನಿಲ್ಲಬೇಕು. ಗಲ್ಲಿಯಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ಉದ್ದನೆಯ ನಳಿಗೆಯನ್ನು ತಿರುಗಿಸಿದರೆ ಕಾಂಪೌಂಡಿಗೇ ಬಡಿಯುತ್ತದೆ. ಹಾಗಾಗಿ ಕೊನೆಗೆ ಕಾಲಾಳೇ ಒಳಗೆ ಹೋಗಬೇಕು.

ಅಲ್ಲಿಯ ಮನೆಯ ನಕ್ಷೆ ನಮ್ಮ ಬಡಾವಣೆಗಳ ಮನೆಗಿಂತ ತೀರಾ ಬೇರೆಯಲ್ಲ: ಕಾಂಪೌಂಡ್ ಗೋಡೆ, ಕಬ್ಬಿಣದ ಗೇಟು, ಚಿಕ್ಕ ಅಂಗಳ, ಸರಳಿನ ಕಿಟಕಿ, ಒಳಗಿನಿಂದ ತಾರಸಿಗೆ ಮೆಟ್ಟಿಲು, ತಾರಸಿಯ ಸುತ್ತ ಮೋಟುಗೋಡೆ. ಇದರಲ್ಲಿ ಎರಡು ಜಾಗ ಜೀವ ತೆಗೆಯುತ್ತವೆ.

ಮೊದಲನೆಯದು ಹೊಸ್ತಿಲು. ಮರೀನ್‌ಗಳು ಇದನ್ನು ‘ಫೇಟಲ್ ಫನಲ್’ ಎನ್ನುತ್ತಾರೆ, ಸಾವಿನ ಆಲಿಕೆ. ಬಿಸಿಲಿನಿಂದ ಬಂದವನ ಕಣ್ಣಿಗೆ ಒಳಗೆಲ್ಲ ಕತ್ತಲು. ಒಳಗಿದ್ದವನಿಗೆ ಬಾಗಿಲ ಚೌಕಟ್ಟಿನಲ್ಲಿ ಬೆಳಕಿನೆದುರು ಒಂದು ಆಕೃತಿ. ಅವನ ಬಂದೂಕು ಆಗಲೇ ಅತ್ತ ತಿರುಗಿರುತ್ತದೆ. ಆದ್ದರಿಂದ ನಿಯಮ ಒಂದೇ: ಅಲ್ಲಿ ನಿಲ್ಲಬೇಡ. ನಾಲ್ವರ ತಂಡದಲ್ಲಿ ಮೊದಲನೆಯವನು ಒಂದು ಮೂಲೆಗೆ, ಎರಡನೆಯವನು ಎದುರು ಮೂಲೆಗೆ, ಉಳಿದಿಬ್ಬರು ಅವರ ಬೆನ್ನಿಗೆ. ಎಡವಟ್ಟಾಗುವುದು ಮುಂದಿನವನು ಏನನ್ನೋ ಕಂಡು ಅರೆಕ್ಷಣ ತಡೆದಾಗ. ಹಿಂದಿನ ಮೂವರು ಅವನ ಬೆನ್ನಿಗೆ ಡಿಕ್ಕಿ ಹೊಡೆದು ನಾಲ್ವರೂ ಆಲಿಕೆಯೊಳಗೇ ಸಿಕ್ಕಿಕೊಳ್ಳುತ್ತಾರೆ. ಒಂದು ಮೀಟರ್ ಉದ್ದದ ಎಂ-16 ಬಂದೂಕು ಇಕ್ಕಟ್ಟಿನ ಕಾರಿಡಾರಿನಲ್ಲಿ ಬೇಗ ತಿರುಗುವುದೂ ಇಲ್ಲ.

ಎರಡನೆಯದು ಮೆಟ್ಟಿಲು, ಇದು ಇನ್ನೂ ಕೆಟ್ಟದ್ದು. ಹತ್ತುವವನ ತಲೆ ಮೊದಲು ಕಾಣುತ್ತದೆ, ಅವನ ಬಂದೂಕು ಆಮೇಲೆ. ಕೈಬಾಂಬೂ ಇಲ್ಲಿ ಕೈ ಕೊಡುತ್ತದೆ. ಎಂ-67 ಕೈಬಾಂಬಿನ ತೂಕ ಸುಮಾರು 400 ಗ್ರಾಂ, ಸಿಡಿಯಲು ನಾಲ್ಕೈದು ಸೆಕೆಂಡು. ಮೇಲಿನವನು ಅದನ್ನು ಕಾಲಲ್ಲಿ ತಳ್ಳಲು ಅಷ್ಟು ಹೊತ್ತು ಸಾಕು. ಮಹಡಿ ಮುಟ್ಟದಿದ್ದರಂತೂ ತಳ್ಳುವುದೂ ಬೇಡ, ಮೆಟ್ಟಿಲಿಂದ ಮೆಟ್ಟಿಲಿಗೆ ಟಣ್ ಟಣ್ ಎಂದು ಉರುಳಿ ಎಸೆದವನ ಕಾಲಬುಡಕ್ಕೇ ಬರುತ್ತದೆ.

ನವೆಂಬರ್ 13ರಂದು ‘ಹೆಲ್ ಹೌಸ್’ ಎಂದು ಹೆಸರಾದ ಮನೆಯಲ್ಲಿ ಆದದ್ದು ಇದೇ. ಮೇಲೆ ಕೂತವರು ನಡುಮನೆಯತ್ತ ಗುಂಡು ಸುರಿಸುತ್ತಿದ್ದರು, ಕೆಳಗೆ ಗಾಯಾಳುಗಳು ಸಿಕ್ಕಿಬಿದ್ದಿದ್ದರು. ಅವರನ್ನು ತರಲು ಹೋದ ಮರೀನ್ ಬ್ರ್ಯಾಡ್ಲಿ ಕಸಾಲ್ ಕಾಲಿಗೆ ಗುಂಡು ತಿಂದರು. ಕೈಬಾಂಬು ಬಿದ್ದಾಗ ಪಕ್ಕದ ಗಾಯಾಳುವಿನ ಮೇಲೆ ಹೊರಳಿ ಚೂರುಗಳನ್ನು ತಮ್ಮ ಮೈಗೆ ತೆಗೆದುಕೊಂಡರು. ಬದುಕಿದರು, ನೇವಿ ಕ್ರಾಸ್ ಶೌರ್ಯಪದಕ ಪಡೆದರು. ಎಲ್ಲರನ್ನೂ ಹೊರತಂದ ಮೇಲೆ ಮನೆಯನ್ನೇ ಸಿಡಿಸಿದರು. ಒಳಗೆ ತಮ್ಮವರೇ ಇದ್ದಾಗ ಟ್ಯಾಂಕು ಇದ್ದೂ ಇಲ್ಲದಂತೆ ಎಂಬುದು ಇಲ್ಲಿ ಗಮನಿಸಬೇಕಾದದ್ದು. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರ ನವೆಂಬರ್ 28ರಂದು ಮುಂಬೈನ ತಾಜ್ ಹೋಟೆಲಿನಲ್ಲಿ ಎದುರಿಸಿದ್ದೂ ಮೇಲಿನಿಂದ ಬರುವ ಗುಂಡು ಮತ್ತು ಮೆಟ್ಟಿಲನ್ನೇ.

ಹಾಗಾದರೆ ತಾರಸಿಯಿಂದ ಕೆಳಗಿಳಿಯಬಾರದೇಕೆ? ಪಠ್ಯದಲ್ಲಿ ಅದೇ ಸರಿ, ಕೈಬಾಂಬೂ ಆಗ ಕೆಳಗೇ ಉರುಳುತ್ತದೆ. ಪಕ್ಕದ ಮನೆಯ ತಾರಸಿ ಅಂಟಿಕೊಂಡಿದ್ದರೆ ದಾಟುವುದೂ ಸುಲಭ. ತೊಂದರೆ ಯಾರಿಗಾದರೂ ಗುಂಡು ತಾಗಿದ ಮೇಲೆ ಶುರು. ಜಾಕೆಟ್ಟು, ಫಲಕ, ಮದ್ದುಗುಂಡು ಸೇರಿ ನೂರು ಕಿಲೋ ಮೀರುವವನನ್ನು ಇಳಿಸಲು ಇಬ್ಬರು ಮೂವರು ಬೇಕು. ಅಲ್ಲಿಗೆ ನಾಲ್ವರ ತಂಡ ಮುಗಿದಂತೆ. ಆದ್ದರಿಂದ ಹಲವರು ಕೆಳಗಿನಿಂದಲೇ ಹೋದರು. ತಪ್ಪೆಂದು ಹೇಳಲಾರೆವು.

ದಿನ ಕಳೆದಂತೆ ಕ್ರಮ ಬದಲಾಯಿತು. ಮೊದಲು ಹೆಗಲ ಮೇಲಿಟ್ಟು ಹಾರಿಸುವ 83 ಮಿ.ಮೀ. ಸ್ಮಾ ರಾಕೆಟ್ಟು ಇಲ್ಲವೇ ಟ್ಯಾಂಕಿನ ಗುಂಡು, ಆಮೇಲೆ ಬಾಗಿಲು ಬಿಟ್ಟು ಗೋಡೆಯ ತೂತಿನಿಂದ ಪ್ರವೇಶ. ರಾಕೆಟ್ಟು ಹಾರಿಸುವವನ ಬೆನ್ನ ಹಿಂದೆ ಗೋಡೆಯಾಗಲಿ ಗೆಳೆಯನಾಗಲಿ ಇರಕೂಡದು, ಹಿಂದಕ್ಕೆ ನುಗ್ಗುವ ಬೆಂಕಿಗಾಳಿ ಅಷ್ಟು ಜೋರು.

ಇಷ್ಟೆಲ್ಲ ಮಾಡಿ ತೆರವುಗೊಳಿಸಿದ ಮನೆ ತೆರವಾಗಿಯೇ ಉಳಿಯುತ್ತಿರಲಿಲ್ಲ. ಗೋಡೆ ತೂತುಗಳಿಂದ, ತಾರಸಿಗಳಿಂದ ಹೋರಾಟಗಾರರು ಬೆನ್ನ ಹಿಂದಿನ ಮನೆಗಳಿಗೆ ವಾಪಸಾಗುತ್ತಿದ್ದರು. ಪ್ರತಿ ಮನೆಯಲ್ಲೂ ಕಾವಲು ಬಿಡುವಷ್ಟು ಜನ ಯಾವ ಪಡೆಯಲ್ಲೂ ಇರುವುದಿಲ್ಲ. ಹಾಗಾಗಿ ಒಮ್ಮೆ ಹೊಕ್ಕ ಬೀದಿಗಳನ್ನೇ ಮತ್ತೆ ಹೊಕ್ಕು ಹುಡುಕುವ ಕೆಲಸ ಡಿಸೆಂಬರ್ 23ರವರೆಗೂ ನಡೆಯಿತು.