ನಿಮ್ಮ ನಿರೂಪಕ ಯಾರ ಹತ್ತಿರ ಮಾತಾಡ್ತಿದ್ದಾನೆ?

ನನ್ನ ಹತ್ತಿರ ಬರುವ ಪತ್ತೇದಾರಿ ಬಾನುಲಿ ನಾಟಕಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ನಿರೂಪಕ ಮಾತಾಡುತ್ತಲೇ ಇರುತ್ತಾನೆ. ಯಾರ ಹತ್ತಿರ? ಕೇಳಿದರೆ ‘ಕೇಳುಗರ ಹತ್ತಿರ ಸರ್’ ಅನ್ನುತ್ತಾರೆ. ಆ ಉತ್ತರ ಸಾಲದು.

ಇಂಥವರಿಗೆ ನಾನು ‘ಯುವರ್ಸ್ ಟ್ರೂಲಿ, ಜಾನಿ ಡಾಲರ್’ ಕೇಳಿಸುತ್ತೇನೆ. ಅಮೆರಿಕದ ಸಿಬಿಎಸ್ ರೇಡಿಯೊದಲ್ಲಿ 1949ರಿಂದ 1962ರವರೆಗೆ ಬಂದ ನಾಟಕ. ಜಾನಿ ಡಾಲರ್ ಅಲ್ಲಿನ ಹಾರ್ಟ್‌ಫರ್ಡ್ ಎಂಬ ಊರಿನ ವಿಮಾ ತನಿಖೆಗಾರ. ಯಾವ ಕಂಪನಿಯ ಸಂಬಳದವನೂ ಅಲ್ಲ, ಕರೆದವರ ಕೇಸು ಹಿಡಿಯುತ್ತಾನೆ. ಅವನು ಕತೆ ಹೇಳುವುದೆಲ್ಲ ಕಂಪನಿಗೆ ಕಳಿಸುವ ಖರ್ಚಿನ ಪಟ್ಟಿಯಲ್ಲೇ. ವಿಮಾನದ ಟಿಕೆಟ್ಟಿಗೆ ಇಷ್ಟು, ಟ್ಯಾಕ್ಸಿಗೆ ಇಷ್ಟು, ಊಟಕ್ಕೆ ಇಷ್ಟು. ಕೊನೆಗೆ ಒಟ್ಟು ಮೊತ್ತ, ಕೆಳಗೆ ಸಹಿ. ಆ ಸಹಿಯೇ ನಾಟಕದ ಹೆಸರು.

ಟ್ಯಾಕ್ಸಿ ಬಾಡಿಗೆ ಅಂದ ಕೂಡಲೇ ಜಾಗ ಬದಲಾಯಿತು. ಹೋಟೆಲ್ ರೂಮು ಅಂದರೆ ರಾತ್ರಿ ಕಳೆಯಿತು. ಅದಕ್ಕಿಂತ ಮುಖ್ಯ, ಕೇಳುತ್ತಿರುವವರು ದುಡ್ಡು ಕೊಡಬೇಕಾದವರು. ಬಿಲ್ಲು ಜಾಸ್ತಿ ಹಾಕ್ತಾನೆ ಅಂತ ಅವರಿಗೆ ಅನುಮಾನ ಬೇರೆ. ಹಾಗಾಗಿ ಡಾಲರ್‌ನ ಒಂದೊಂದು ಸಾಲಿನಲ್ಲೂ ಒಂದಿಷ್ಟು ಸಮಜಾಯಿಷಿ, ಒಂದಿಷ್ಟು ತುಂಟತನ. ಸುಮ್ನೆ ಗಾಳಿಗೆ ಮಾತಾಡುವ ನಿರೂಪಕನಿಗೆ ಈ ರುಚಿ ಎಲ್ಲಿಂದ ಬರಬೇಕು?

ಡಾಲರ್ ಪಾತ್ರವನ್ನು ಹಲವರು ಮಾಡಿದ್ದಾರೆ. ನನಗೆ ಬಾಬ್ ಬೈಲಿಯೇ ಇಷ್ಟ. 1955ರಲ್ಲಿ ಅವರು ಬಂದಾಗ ಒಂದು ಕತೆ ವಾರದಲ್ಲಿ ಐದು ಕಂತು, ಕಂತಿಗೆ 15 ನಿಮಿಷ. ಪಾತ್ರಗಳಿಗೆ ಉಸಿರಾಡಲು ಜಾಗ ಸಿಕ್ಕಿತು.

ಮೊನ್ನೆ ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳು ಸ್ಕ್ರಿಪ್ಟ್ ತಂದಿದ್ದಳು. ಸುಟ್ಟ ಗೋದಾಮು, ವಿಮೆ, ತನಿಖೆ. ಒಳ್ಳೆ ಕಿವಿ ಇರುವ ಹುಡುಗಿ. ಆದರೆ ನಿರೂಪಕ ಹೀಗೆ: ‘ರಾತ್ರಿ ಹತ್ತು ಗಂಟೆ. ಶಂಕರ್ ಗೋದಾಮಿಗೆ ಬಂದ. ಕಾವಲುಗಾರ ಹೆದರಿದ್ದ.’ ನಾನು ಪೆನ್ಸಿಲ್ ತಗೊಂಡು ಪಕ್ಕದಲ್ಲಿ ಬರೆದೆ: ‘ಕಾವಲುಗಾರನಿಗೆ ಎರಡು ಚಹಾ, ಇಪ್ಪತ್ತು ರೂಪಾಯಿ. ಎರಡನೇದಕ್ಕೆ ಬಾಯಿ ಬಿಟ್ಟ.’

ಅವಳು ನಕ್ಕಳು. ‘ಹಾಗಾದ್ರೆ ನಾನೂ ಬಿಲ್ ಬರೆಸ್ಲಾ ಸರ್?’

ಬೇಡಮ್ಮಾ! ಇಲ್ಲೇ ಎಲ್ಲರೂ ಎಡವುವುದು. ಬಿಲ್ಲು ಡಾಲರ್‌ನದು. ನಿನ್ನ ಶಂಕರ್‌ಗೆ ಅವನದೇ ಆದ ಒಬ್ಬ ಕೇಳುಗ ಬೇಕು. ಹೆಂಡತಿಯೋ, ವಕೀಲನೋ, ತೀರಿಕೊಂಡ ಅಪ್ಪನೋ. ಎಲ್ಲ ನಾಟಕಕ್ಕೂ ನಿರೂಪಕ ಬೇಕು ಅಂತಲೂ ನಾನು ಹೇಳುತ್ತಿಲ್ಲ. ಬರೀ ಸಂಭಾಷಣೆಯಲ್ಲೇ ಗೆದ್ದ ನಾಟಕಗಳು ಬೇಕಾದಷ್ಟಿವೆ. ಆದರೆ ನಿರೂಪಕನನ್ನು ಇಟ್ಟುಕೊಂಡ ಮೇಲೆ ಅವನ ಎದುರಿಗೆ ಒಬ್ಬರನ್ನು ಕೂರಿಸಲೇಬೇಕು.

ಅವಳು ತಿದ್ದಿ ತಂದ ಪ್ರತಿಯಲ್ಲಿ ಶಂಕರ್ ದಿನಾ ರಾತ್ರಿ ಹೆಂಡತಿಗೆ ಫೋನ್ ಮಾಡುತ್ತಾನೆ. ಮೂರನೇ ರಾತ್ರಿ ಅವಳಿಗೆ ಸುಳ್ಳು ಹೇಳುತ್ತಾನೆ. ಅದು ಸುಳ್ಳು ಅಂತ ಕೇಳುಗರಿಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ. ನಾಟಕ ಮುಂದಿನ ತಿಂಗಳು ರೆಕಾರ್ಡಿಂಗ್‌ಗೆ ಹೋಗುತ್ತಿದೆ.