ಡಿ'ಸೋಜ ಅವರಿಗೆ ಎರರ್ ಬರುವುದೇಕೆ?

2015ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಟೆಲಿಕಾಂ ಕಂಪನಿಯ 1,56,959 ಗ್ರಾಹಕರ ವಿವರ ಕಳ್ಳರ ಕೈ ಸೇರಿತು. ಅವರಲ್ಲಿ 15,656 ಜನರ ಬ್ಯಾಂಕ್ ಖಾತೆ ನಂಬರೂ ಹೋಯಿತು. ಕಳ್ಳರು ಬಂದಿದ್ದು ಎಸ್‌ಕ್ಯೂಎಲ್ ಇಂಜೆಕ್ಷನ್ ದಾರಿಯಲ್ಲಿ. ಎಸ್‌ಕ್ಯೂಎಲ್ ಅಂದರೆ ಮಾಹಿತಿ ಕೂಡಿಟ್ಟ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ; ಆ ಪ್ರಶ್ನೆಯೊಳಗೆ ಕಳ್ಳ ತನ್ನ ಆಜ್ಞೆ ತೂರಿಸುವುದೇ ಇಂಜೆಕ್ಷನ್. ಫ್ರ್ಯಾಕ್ ಎಂಬ ಹ್ಯಾಕರ್ ಪತ್ರಿಕೆ 1998ರಲ್ಲೇ ಬಯಲಿಗೆ ತಂದಿದ್ದ ಹಳೇ ಉಪಾಯ ಇದು. ಆ ತೂತಿದ್ದ ಪೇಜುಗಳು 2009ರಲ್ಲಿ ಟಾಕ್‌ಟಾಕ್ ಟಿಸ್ಕಾಲಿ ಎಂಬ ಇಂಟರ್ನೆಟ್ ಕಂಪನಿಯ ಬ್ರಿಟನ್ ವ್ಯಾಪಾರವನ್ನು ಕೊಂಡಾಗ ಜೊತೆಗೆ ಬಂದವು. ಅವು ಇನ್ನೂ ಚಾಲ್ತಿಯಲ್ಲಿವೆ ಅನ್ನೋದೇ ಕಂಪನಿಗೆ ಗೊತ್ತಿರಲಿಲ್ಲವಂತೆ! ಮರುವರ್ಷ 4 ಲಕ್ಷ ಪೌಂಡ್ ದಂಡ ಬಿತ್ತು.

ಈ ತೂತು ಆಗುವುದು ಹೀಗೆ. ನೀವು ಫಾರಂನಲ್ಲಿ ಹೆಸರು ಟೈಪ್ ಮಾಡುತ್ತೀರಿ. ಅವಸರದಲ್ಲಿ ಬರೆದ ಕೋಡು ಅದನ್ನು ಹಾಗೇ ಎತ್ತಿ ತನ್ನ ಪ್ರಶ್ನೆಯ ನಡುವೆ ಅಂಟಿಸಿ ಡೇಟಾಬೇಸ್‌ಗೆ ಕಳಿಸುತ್ತದೆ. ಹೆಸರು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ತಿಳಿಯಲು ಡೇಟಾಬೇಸ್‌ಗೆ ಇರುವ ಗುರುತು ಅಕ್ಕಪಕ್ಕದ ಎರಡು ಸಿಂಗಲ್ ಕೋಟ್ ಮಾತ್ರ. ಮಂಗಳೂರಿನ ಡಿ'ಸೋಜ ಅವರು ತಮ್ಮ ಹೆಸರು ಬರೆದರೆ ಅದು ಹೀಗೆ ಕಾಣುತ್ತದೆ:

ಹೆಸರು = 'ಡಿ'ಸೋಜ'

ಡೇಟಾಬೇಸ್ ಪ್ರಕಾರ ಹೆಸರು 'ಡಿ'ಗೇ ಮುಗಿಯಿತು. ಮುಂದಿನ 'ಸೋಜ' ಅದಕ್ಕೆ ಅರ್ಥವಾಗದ ಆಜ್ಞೆ. ಪಾಪ, ಅವರಿಗೆ ಎರರ್ ಬರುತ್ತದೆ. ಕಳ್ಳ ಅದೇ ಜಾಗದಲ್ಲಿ ಅರ್ಥವಾಗುವ ಆಜ್ಞೆಯನ್ನೇ ಬರೆಯುತ್ತಾನೆ:

ಹೆಸರು = '' ಆರ್ 1=1 -- '

ಇಲ್ಲಿ 'ಆರ್' ಅಂದರೆ 'ಅಥವಾ'. 1=1 ಯಾವತ್ತೂ ನಿಜ ಅಲ್ವಾ? ಹಾಗಾಗಿ ಎಲ್ಲರ ದಾಖಲೆಯೂ ಹೊರಬರುತ್ತದೆ. ಕೊನೆಯ ಎರಡು ಅಡ್ಡಗೆರೆ ಅಂದರೆ ಕಾಮೆಂಟ್, ಅಂದರೆ ಅಲ್ಲಿಂದಾಚೆಗಿನದು ಬರೀ ಟಿಪ್ಪಣಿ. ಪಾಸ್‌ವರ್ಡ್ ನೋಡುವ ಭಾಗ ಅದರ ನಂತರ ಇದ್ದರೆ ಡೇಟಾಬೇಸ್ ಅದನ್ನು ಓದುವುದೇ ಇಲ್ಲ.

ಕೆಲವರು ಸಿಂಗಲ್ ಕೋಟನ್ನೇ ಬ್ಲಾಕ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಡಿ'ಸೋಜ ಅವರಿಗೆ ಫಾರಂ ತುಂಬಲು ಆಗುವುದಿಲ್ಲ, ಅಷ್ಟೇ. ಕಳ್ಳ ಮಾತ್ರ ನಿಲ್ಲುವುದಿಲ್ಲ. ಐಡಿ ನಂಬರಿನ ಸುತ್ತ ಸಾಮಾನ್ಯವಾಗಿ ಕೋಟ್ ಇರುವುದಿಲ್ಲ. ಅಲ್ಲಿ ಕಳ್ಳನಿಗೆ '5 ಆರ್ 1=1' ಸಾಕು.

ನೆಟ್ಟಗಿನ ದಾರಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಹೆಸರಿನ ಜಾಗದಲ್ಲಿ ಒಂದು ? ಇಟ್ಟು ಪ್ರಶ್ನೆಯನ್ನು ಮೊದಲು ಕಳಿಸಬೇಕು. ಏನು ಹುಡುಕಬೇಕು ಅಂತ ಡೇಟಾಬೇಸ್ ಆಗಲೇ ತೀರ್ಮಾನ ಮಾಡಿಬಿಡುತ್ತದೆ. ಹೆಸರು ಆಮೇಲೆ, ಬೇರೆಯಾಗಿ ಹೋಗುತ್ತದೆ. ಅದರಲ್ಲಿ ಏನೇ ಇರಲಿ, ಡೇಟಾಬೇಸ್ ಅದನ್ನು ಆಜ್ಞೆಯಾಗಿ ಓದುವುದಿಲ್ಲ. ಕಳ್ಳನ ಸಾಲು ಬಂದರೆ ಆ ವಿಚಿತ್ರ ಹೆಸರಿನವರು ಯಾರಾದರೂ ಇದ್ದಾರಾ ಅಂತ ಹುಡುಕಿ, ಇಲ್ಲ ಅನ್ನುತ್ತದೆ. ಜಾವಾ, ಪಿಎಚ್‌ಪಿ, ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆಗಳೆಲ್ಲದರಲ್ಲೂ ಈ ಅನುಕೂಲ ಇದೆ. ಜಾಸ್ತಿ ಸಾಲು ಬರೆಯಬೇಕಾಗಿಯೂ ಇಲ್ಲ.

ಆದರೆ ಆ ? ಕೆಲಸ ಮಾಡುವುದು ಬೆಲೆ, ಹೆಸರು, ತಾರೀಖಿನಂಥ ಮಾಹಿತಿಗೆ ಮಾತ್ರ. ಟೇಬಲ್ ಅಥವಾ ಕಾಲಂ ಹೆಸರಿನ ಜಾಗಕ್ಕೆ ಅದನ್ನು ಹಾಕಲಾಗದು. 'ಬೆಲೆ ಪ್ರಕಾರ ಜೋಡಿಸು' ಅಂತ ಬಳಕೆದಾರರು ಒತ್ತಿದಾಗ ಹೋಗುವುದು ಕಾಲಂ ಹೆಸರೇ. ಉಳಿದೆಲ್ಲ ಅಚ್ಚುಕಟ್ಟಾಗಿ ಬರೆದವರೂ ಇಲ್ಲಿ ಸುಮ್ನೆ ಅಂಟಿಸಿಬಿಡುತ್ತಾರೆ. ಯಾರದಾದರೂ ಕೋಡು ಪರಿಶೀಲಿಸಲು ಕೊಟ್ಟರೆ ನಾನು ಮೊದಲು ತೆರೆಯುವುದು ಆ ಸಾರ್ಟಿಂಗ್ ಭಾಗವನ್ನೇ. ಅಲ್ಲಿ ಯಾವ ಯಾವ ಕಾಲಂಗೆ ಅವಕಾಶ ಅನ್ನುವ ಪಟ್ಟಿ ಕೋಡಿನಲ್ಲೇ ಇರಬೇಕು. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಬೇಡ ಅಂದುಬಿಡಬೇಕು.