3 ಲಕ್ಷದಲ್ಲಿ ಇಬ್ಬರು ಐದು ದೇಶ ಸುತ್ತಬಹುದಾ?

ಓದುಗರ ಪ್ರಶ್ನೆ: ನಾವು ಬ್ರಹ್ಮಾವರದವರು. ನಾನು, ನಮ್ಮನೆಯವರು ಇಬ್ಬರೂ ಕೆಲಸದಲ್ಲಿದ್ದೇವೆ. ಎರಡು ತಿಂಗಳು ರಜೆ ಹೊಂದಿಸಿಕೊಂಡು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ, ಮಲೇಷ್ಯಾ ಇಷ್ಟನ್ನೂ ಬಸ್ಸು, ರೈಲಿನಲ್ಲೇ ಸುತ್ತಬೇಕು ಅಂತ ಆಸೆ. ಕೈಯಲ್ಲಿರುವುದು 3 ಲಕ್ಷ ರೂಪಾಯಿ. ಸಾಕಾಗುತ್ತಾ?

ಉತ್ತರ: ಸಾಕಾಗುತ್ತದೆ. ಆದರೆ ಐದು ದೇಶಕ್ಕಲ್ಲ, ಮೂರಕ್ಕೆ. ಎರಡು ತಿಂಗಳಿಗೂ ಅಲ್ಲ, ಸುಮಾರು 50 ದಿನಕ್ಕೆ. ಇಷ್ಟು ಒಪ್ಪಿಕೊಂಡರೆ ಹಣವೂ ಉಳಿಯುತ್ತದೆ, ನೋಡಿದ್ದೂ ಮನಸ್ಸಿನಲ್ಲಿ ಉಳಿಯುತ್ತದೆ.

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ತುಂಬಾ ಜನ ಕೇಳುತ್ತಾರೆ. ಎಲ್ಲರೂ ಊಟದಲ್ಲಿ, ರೂಮಿನಲ್ಲಿ ಹೇಗೆ ಉಳಿಸೋದು ಅಂತಲೇ ಯೋಚಿಸುತ್ತಾರೆ. ಅಲ್ಲಿ ಉಳಿಸುವುದಕ್ಕೆ ಹೆಚ್ಚೇನೂ ಇಲ್ಲ, ಯಾಕೆಂದರೆ ಅಲ್ಲಿ ಅವು ಮೊದಲೇ ಅಗ್ಗ. ದುಡ್ಡು ಕರಗುವುದು ಊರಿಂದ ಊರಿಗೆ ಓಡುವುದರಲ್ಲಿ, ಅದರಲ್ಲೂ ಗಡಿ ದಾಟುವ ದಿನಗಳಲ್ಲಿ. ಆ ಒಂದು ದಿನ ಏನೇನಾಗುತ್ತದೆ ನೋಡಿ. ಗಡಿಯವರೆಗೆ ಬಸ್ಸು, ಅಲ್ಲಿಂದ ರಿಕ್ಷಾ, ವೀಸಾ ಶುಲ್ಕ, ಹಣ ಬದಲಿಸುವಾಗ ಕಟ್ ಆಗುವ ಪಾಲು, ಹೊಸ ಸಿಮ್, ಮತ್ತೆ ರಿಕ್ಷಾ, ಕತ್ತಲಾದ ಮೇಲೆ ಸಿಕ್ಕಿದ ರೇಟಿಗೆ ರೂಮು. ಇದೆಲ್ಲ ಇಬ್ಬರಿಗೆ. ಒಂದು ಗಡಿ ಕಡಿಮೆ ಮಾಡಿದರೆ ಒಂದು ಊರಿನಲ್ಲಿ ನಾಲ್ಕೈದು ದಿನ ಆರಾಮಾಗಿ ಕೂರುವಷ್ಟು ಹಣ ಕೈಯಲ್ಲಿ ಇರುತ್ತದೆ. ಎರಡು ದಿನಕ್ಕೊಂದು ಊರು ಬದಲಿಸುವುದು ಮದುವೆ ಸೀಸನ್ನಿನಲ್ಲಿ ಒಂದೇ ದಿನ ಮೂರು ಹಾಲ್ ಸುತ್ತಿದ ಹಾಗೆ: ಎಲ್ಲ ಕಡೆ ಮುಖ ತೋರಿಸಿದ್ದಾಯಿತು, ಎಲ್ಲೂ ಕೂತು ಉಂಡದ್ದಿಲ್ಲ.

ಲೆಕ್ಕ ಹಾಕೋಣ. ಇಬ್ಬರಿಗೆ ಸೇರಿ ರೂಮು, ಊಟ, ಊರೊಳಗಿನ ಓಡಾಟ, ಬಸ್ಸು, ರೈಲು ಎಲ್ಲ ಸೇರಿಸಿ ದಿನಕ್ಕೆ ಸರಾಸರಿ 3,500 ರೂಪಾಯಿ ಇಟ್ಟುಕೊಳ್ಳಿ. ಶುಚಿಯಾದ ಸಾದಾ ಡಬಲ್ ರೂಮಿಗೆ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ 400ರಿಂದ 600 ಬಾತ್, ವಿಯೆಟ್ನಾಂನ ಗೆಸ್ಟ್‌ಹೌಸ್‌ಗಳಲ್ಲಿ ಎರಡೂವರೆಯಿಂದ ನಾಲ್ಕು ಲಕ್ಷ ಡಾಂಗ್. ಲಕ್ಷ ಅಂದ ಕೂಡಲೇ ಹೆದರಬೇಡಿ, ಒಂದು ರೂಪಾಯಿಗೆ ಹತ್ತಿರ ಹತ್ತಿರ 300 ಡಾಂಗ್ ಬರುತ್ತದೆ. ರಸ್ತೆ ಬದಿಯ ಊಟ ಥಾಯ್ಲೆಂಡಿನಲ್ಲಿ 50ರಿಂದ 70 ಬಾತ್. ಬಾತ್ ಒಂದಕ್ಕೆ ಮೂರು ರೂಪಾಯಿ ಅಂತಲೇ ಲೆಕ್ಕ ಹಿಡಿಯಿರಿ, ಸ್ವಲ್ಪ ಉಳಿದರೆ ಉಳಿಯಲಿ.

60 ದಿನಕ್ಕೆ ಇದೇ 2,10,000 ಆಯಿತು. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೋಗಿ ವಿಯೆಟ್ನಾಂನ ಹೊ ಚಿ ಮಿನ್ ಸಿಟಿಯಿಂದ ಮರಳುವ ವಿಮಾನ ಇಬ್ಬರಿಗೆ 50,000 ಅಂದುಕೊಳ್ಳಿ. ವೀಸಾಗಳಿಗೆ 12,000, ವಿಮೆಗೆ 8,000, ಊರಿಂದ ಬೆಂಗಳೂರಿಗೆ ಹೋಗಿ ಬರುವುದಕ್ಕೆ 5,000. ಒಟ್ಟು 2,85,000. ಉಳಿಯುವ 15,000 ಯಾವುದಕ್ಕೂ ಸಾಲದು. ಒಬ್ಬರಿಗೆ ಜ್ವರ ಬಂದು ಎರಡು ದಿನ ಆಸ್ಪತ್ರೆಗೆ ಓಡಾಡಿದರೆ ಮುಗಿಯಿತು. ಅದೇ 50 ದಿನ ಮಾಡಿಕೊಂಡರೆ ಒಟ್ಟು 2,50,000 ಆಗುತ್ತದೆ, ಕೈಯಲ್ಲಿ 50,000 ಇರುತ್ತದೆ. ಆ ಹಣ ಮುಟ್ಟಬೇಡಿ. ಅದು ಇದೆ ಅನ್ನುವ ಧೈರ್ಯದಿಂದಲೇ ನಿದ್ದೆ ಬರುತ್ತದೆ.

ಇನ್ನು ದಾರಿಯ ಮಾತು. ನಮ್ಮೂರಿನಿಂದಲೇ ನೆಲದ ಮೇಲೆ ಹೊರಡಬಹುದಾ ಅಂತ ಕೆಲವರು ಕೇಳುತ್ತಾರೆ. ಮಣಿಪುರದ ಮೋರೆಯಿಂದ ಮ್ಯಾನ್ಮಾರ್‌ನ ತಮು ಗಡಿಯನ್ನು 2018ರಲ್ಲಿ ಪ್ರವಾಸಿಗರಿಗೆ ತೆರೆದಿದ್ದರು. ಆಗ ಭಾರತದಿಂದ ಥಾಯ್ಲೆಂಡ್‌ವರೆಗೆ ರಸ್ತೆಯಲ್ಲೇ ಹೋದವರಿದ್ದಾರೆ. ಆಮೇಲೆ ಕೋವಿಡ್, 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್‌ನ ಸೇನಾ ದಂಗೆ, 2023ರ ಮೇ ತಿಂಗಳಿಂದ ಮಣಿಪುರದ ಗಲಭೆ. ಸದ್ಯ ಆ ದಾರಿಯ ಆಸೆ ಬಿಡಿ. ಬ್ಯಾಂಕಾಕ್‌ವರೆಗೆ ಹಾರಿ, ಅಲ್ಲಿಂದ ನೆಲಕ್ಕಿಳಿಯಿರಿ.

ಕಾಂಬೋಡಿಯಾವನ್ನೂ ಈ ಸಲ ಬಿಡಿ ಅನ್ನುತ್ತೇನೆ. 2025ರ ಜುಲೈನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಸೇನೆಗಳ ನಡುವೆ ಗಡಿಯಲ್ಲೇ ಕಾಳಗ ನಡೆಯಿತು. ಅದಕ್ಕೂ ಮೊದಲೇ ಗಡಿ ಮುಚ್ಚಲು ಶುರುವಾಗಿತ್ತು. ಬ್ಯಾಂಕಾಕ್‌ನಿಂದ ಗಡಿಯೂರು ಪೊಯ್‌ಪೆಟ್ ಮೇಲೆ ಅಂಕೋರ್ ದೇವಸ್ಥಾನಗಳಿಗೆ ಹೋಗುತ್ತಿದ್ದ ಹಳೆಯ ದಾರಿಯನ್ನು ನಂಬಿ ಟಿಕೆಟ್ ಮಾಡಬೇಡಿ. ಮಲೇಷ್ಯಾ ಇರುವುದು ದಕ್ಷಿಣಕ್ಕೆ, ನಿಮ್ಮ ದಾರಿ ಉತ್ತರಕ್ಕೆ. ಅದನ್ನು ಇನ್ನೊಂದು ರಜೆಗೆ ಇಟ್ಟುಕೊಳ್ಳಿ, ಸಣ್ಣ ರಜೆಯಲ್ಲೂ ಆಗುವ ದೇಶ ಅದು.

ಹಾಗಾದರೆ ದಾರಿ ಹೀಗೆ: ಬ್ಯಾಂಕಾಕ್, ಚಿಯಾಂಗ್ ಮಾಯ್, ಚಿಯಾಂಗ್ ಖೋಂಗ್‌ನಲ್ಲಿ ಗಡಿ, ಮೆಕಾಂಗ್ ನದಿಯಲ್ಲಿ ದೋಣಿ, ಲಾವೋಸ್‌ನ ಲುವಾಂಗ್ ಪ್ರಬಾಂಗ್, ವಿಯೆಂಟಿಯಾನ್, ಅಲ್ಲಿಂದ ಹನೋಯ್, ಆಮೇಲೆ ವಿಯೆಟ್ನಾಂನ ಉದ್ದಕ್ಕೆ ಇಳಿಯುತ್ತಾ ಹೊ ಚಿ ಮಿನ್ ಸಿಟಿ. ಎರಡೇ ಗಡಿ. ಹೋದ ದಾರಿಯಲ್ಲಿ ಮತ್ತೆ ಬರುವ ಕೆಲಸ ಇಲ್ಲ.

ಬ್ಯಾಂಕಾಕ್‌ನಿಂದ ಚಿಯಾಂಗ್ ಮಾಯ್‌ಗೆ 750 ಕಿಲೋಮೀಟರ್. ರಾತ್ರಿ ರೈಲು ಹಿಡಿಯಿರಿ, ಒಂದು ರಾತ್ರಿಯ ರೂಮಿನ ಬಾಡಿಗೆಯೂ ಉಳಿಯಿತು. ಈಗ ದೂರದ ರೈಲುಗಳು ಹೊರಡುವುದು ಹಳೆಯ ಹುವಾ ಲಂಫೋಂಗ್‌ನಿಂದ ಅಲ್ಲ, ಕ್ರುಂಗ್ ಥೆಪ್ ಅಫಿವಾಟ್ ಅನ್ನುವ ಹೊಸ ನಿಲ್ದಾಣದಿಂದ. ನಮ್ಮ ರೈಲಿನ ಹಾಗೆ ಬರ್ತ್‌ಗಳು ಅಡ್ಡ ಇರುವುದಿಲ್ಲ, ನಡೆಯುವ ದಾರಿಯ ಎರಡೂ ಬದಿಗೆ ಉದ್ದಕ್ಕೆ ಇರುತ್ತವೆ. ಸಂಜೆ ಎದುರು ಬದುರು ಕೂತಿರುತ್ತೀರಿ. ರಾತ್ರಿಯಾಗುತ್ತಿದ್ದ ಹಾಗೆ ಸಿಬ್ಬಂದಿ ಬಂದು ಎರಡು ಸೀಟು ಸೇರಿಸಿ ಕೆಳಗಿನ ಬರ್ತ್ ಮಾಡುತ್ತಾರೆ, ಮೇಲಿನದನ್ನು ಗೋಡೆಯಿಂದ ಇಳಿಸುತ್ತಾರೆ, ಒಗೆದ ಹಾಸಿಗೆ ಬಟ್ಟೆ ಹಾಸಿ ಪರದೆ ಎಳೆದು ಹೋಗುತ್ತಾರೆ. ಕೆಳಗಿನದು ಅಗಲ, ಸ್ವಲ್ಪ ದುಬಾರಿ. ಒಂದು ಮೇಲೆ, ಒಂದು ಕೆಳಗೆ ತಗೊಳ್ಳಿ. ಎಸಿ ವಿಪರೀತ ತಣ್ಣಗೆ, ಶಾಲು ಕೈಗೆ ಸಿಗುವ ಹಾಗಿರಲಿ.

ಚಿಯಾಂಗ್ ಮಾಯ್‌ನಲ್ಲಿ ವಾರ ಕೂತುಬಿಡಿ. ಇದನ್ನು ಒತ್ತಿ ಹೇಳುತ್ತೇನೆ. ವಾರದ ಲೆಕ್ಕದಲ್ಲಿ ಕೇಳಿದರೆ ರೂಮಿನ ಬಾಡಿಗೆ ಇಳಿಸುತ್ತಾರೆ. ಮೂರನೇ ದಿನಕ್ಕೆ ಯಾವ ಅಂಗಡಿಯಲ್ಲಿ ಊಟ ಚೆನ್ನ ಅಂತ ನಿಮಗೇ ಗೊತ್ತಾಗುತ್ತದೆ. ಬಟ್ಟೆ ಒಗೆಯುವುದಕ್ಕೂ ಪುರುಸೊತ್ತು ಸಿಗುತ್ತದೆ. ಗಂಡ ಹೆಂಡತಿ ಇಪ್ಪತ್ತನಾಲ್ಕು ಗಂಟೆ ಒಟ್ಟಿಗೇ ಇರುವ ಪ್ರಯಾಣದಲ್ಲಿ ದಣಿವೇ ಜಗಳಕ್ಕೆ ಮೂಲ. ಒಬ್ಬರು ದೇವಸ್ಥಾನ ನೋಡಲಿ, ಇನ್ನೊಬ್ಬರು ಸುಮ್ನೆ ಮಲಗಲಿ. ಅದಕ್ಕೆ ಬೇಕಾದಷ್ಟು ದಿನ ಇಟ್ಟುಕೊಳ್ಳಿ.

ಮುಂದಿನದು ದೋಣಿ. ಚಿಯಾಂಗ್ ಖೋಂಗ್‌ನ ಸೇತುವೆ ದಾಟಿದರೆ ಲಾವೋಸ್‌ನ ಹುವಾಯ್ ಸಾಯ್. ವೀಸಾ ಅಲ್ಲೇ ಕೊಡುತ್ತಾರೆ, ಒಬ್ಬರಿಗೆ ಸುಮಾರು 40 ಡಾಲರ್, ಜೊತೆಗೆ ಒಂದು ಫೋಟೋ. ಡಾಲರ್ ನೋಟು ಹೊಸದಾಗಿರಬೇಕು. ಅಂಚು ಸ್ವಲ್ಪ ಹರಿದಿದ್ದರೂ, ಪೆನ್ನಿನ ಗೆರೆ ಇದ್ದರೂ ವಾಪಸ್ ತಳ್ಳುತ್ತಾರೆ. ಊರಿನಲ್ಲಿ ಡಾಲರ್ ತಗೊಳ್ಳುವಾಗಲೇ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿ, ಪುಸ್ತಕದ ನಡುವೆ ಇಟ್ಟು ಒಯ್ಯಿರಿ. ದೋಣಿ ಹೊರಡುವುದು ಬೆಳಿಗ್ಗೆ, ಹಾಗಾಗಿ ಹಿಂದಿನ ರಾತ್ರಿ ಅಲ್ಲೇ ಉಳಿಯುವುದು ಒಳ್ಳೆಯದು. ಎರಡು ದಿನದ ಪ್ರಯಾಣ, ನಡುವೆ ಪಾಕ್‌ಬೆಂಗ್ ಅನ್ನುವ ಸಣ್ಣ ಊರಿನಲ್ಲಿ ರಾತ್ರಿ. ಉದ್ದದ ಮರದ ದೋಣಿ, ಒಳಗೆ ಹಳೆಯ ಕಾರು, ವ್ಯಾನುಗಳಿಂದ ಬಿಚ್ಚಿ ತಂದ ಸೀಟುಗಳು. ಹಿಂದೆ ಇಂಜಿನ್ನಿನ ಗದ್ದಲ, ಶೌಚಾಲಯವೂ ಅಲ್ಲೇ. ಬೇಗ ಹೋಗಿ ಮುಂದಿನ ಸೀಟು ಹಿಡಿಯಿರಿ. ತಿಂಡಿ, ನೀರು ಕಟ್ಟಿಕೊಳ್ಳಿ. ಎರಡೂ ದಡದಲ್ಲಿ ಕಾಡು, ಬಂಡೆ, ಅಲ್ಲೊಂದು ಇಲ್ಲೊಂದು ಹಳ್ಳಿ. ನಮ್ಮ ಕರಾವಳಿಯ ನದಿಗಳನ್ನು ನೋಡಿ ಬೆಳೆದವರಿಗೂ ಈ ನದಿ ಬೇರೆಯೇ. ಈ ಇಡೀ ಪ್ರಯಾಣದಲ್ಲಿ ಒಂದನ್ನು ಮಾತ್ರ ಬಿಡಬೇಡಿ ಅಂದರೆ ನಾನು ಹೇಳುವುದು ಇದನ್ನೇ.

ಲುವಾಂಗ್ ಪ್ರಬಾಂಗ್‌ನಿಂದ ವಿಯೆಂಟಿಯಾನ್‌ಗೆ ಘಾಟಿ ರಸ್ತೆಯಲ್ಲಿ ಬಸ್ಸು ಇಡೀ ದಿನ ತಿನ್ನುತ್ತಿತ್ತು. 2021ರ ಡಿಸೆಂಬರ್‌ನಲ್ಲಿ ಚೀನಾ ಲಾವೋಸ್ ರೈಲು ಶುರುವಾದ ಮೇಲೆ ಸುಮಾರು ಎರಡು ಗಂಟೆಯ ಕೆಲಸ. ಟಿಕೆಟ್ ಬೇಗ ಖಾಲಿಯಾಗುತ್ತದೆ, ಮೊದಲೇ ಮಾಡಿಸಿ. ಲಾವೋಸ್‌ನಲ್ಲಿ ಎರಡು ಎಚ್ಚರಿಕೆ. ಕಾಡಿನಲ್ಲಿ ಕಾಲುದಾರಿ ಬಿಟ್ಟು ಹೋಗಬೇಡಿ. 1964ರಿಂದ 1973ರವರೆಗೆ ಅಮೆರಿಕ ಸುರಿದ 20 ಲಕ್ಷ ಟನ್ನಿಗೂ ಮಿಕ್ಕಿದ ಬಾಂಬುಗಳಲ್ಲಿ ಸಿಡಿಯದವು ಇನ್ನೂ ಮಣ್ಣಿನೊಳಗಿವೆ. ಪುಕ್ಕಟೆ ಕೊಡುವ ಮದ್ಯ ಮುಟ್ಟಬೇಡಿ. 2024ರ ನವೆಂಬರ್‌ನಲ್ಲಿ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಬೆರೆತ ಮದ್ಯದಿಂದ ಆರು ಪ್ರವಾಸಿಗರು ಸತ್ತರು.

ವಿಯೆಂಟಿಯಾನ್‌ನಿಂದ ಹನೋಯ್‌ಗೆ ಸ್ಲೀಪರ್ ಬಸ್ಸು ಇದೆ, ಹತ್ತಿರ ಹತ್ತಿರ 24 ಗಂಟೆ. ಶಿರಾಡಿ ಘಾಟಿಯ ರಾತ್ರಿ ಬಸ್ಸಿನಲ್ಲೇ ತಲೆ ತಿರುಗುವವರಾದರೆ ಇಲ್ಲಿ ವಿಮಾನಕ್ಕೆ ದುಡ್ಡು ಹಾಕಿ, ತಪ್ಪೇನಿಲ್ಲ. ಬಸ್ಸಿಗೇ ಹೋಗುವುದಾದರೆ ಒಂದು ವಿಷಯ ಗಮನಿಸಿ. ವಿಯೆಟ್ನಾಂನ ಇ-ವೀಸಾ ಅರ್ಜಿಯಲ್ಲಿ ಯಾವ ಗಡಿಯಿಂದ ಒಳಗೆ ಬರುತ್ತೀರಿ ಅಂತ ಆರಿಸಬೇಕು, ಎಲ್ಲ ಗಡಿಯಲ್ಲೂ ಇ-ವೀಸಾ ನಡೆಯುವುದಿಲ್ಲ. ಬಸ್ಸಿನವರು ಯಾವ ಗಡಿ ದಾಟಿಸುತ್ತಾರೆ ಅಂತ ಕೇಳಿಕೊಂಡೇ ಅರ್ಜಿ ತುಂಬಿ. 2023ರ ಆಗಸ್ಟ್‌ನಿಂದ ಈ ವೀಸಾ 90 ದಿನಕ್ಕೆ ಸಿಗುತ್ತದೆ, ಒಂದು ಪ್ರವೇಶಕ್ಕೆ 25 ಡಾಲರ್. ನಿಮಗೆ ಬೇಕಾದದ್ದು ಮೂರು ನಾಲ್ಕು ವಾರ. ಹಾಗಾಗಿ ಶುರುವಿನ ದಿನಾಂಕವನ್ನು ಒಂದು ವಾರ ಮೊದಲೇ ಹಾಕಿ, ಬೇಗ ತಲುಪಿದರೂ ತೊಂದರೆ ಇಲ್ಲ. ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲೇ ತುಂಬಿ. ಹುಡುಕಿದರೆ ಮೊದಲು ಕಾಣುವುದು ಸಾಮಾನ್ಯವಾಗಿ ಏಜೆಂಟರದ್ದು, ಅವರು ಜಾಸ್ತಿ ತಗೊಳ್ಳುತ್ತಾರೆ. ಹೆಸರು ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಇರಬೇಕು. ನಮ್ಮ ಕಡೆ ಸರ್‌ನೇಮ್ ಜಾಗ ಖಾಲಿ ಬಿಟ್ಟ ಪಾಸ್‌ಪೋರ್ಟ್‌ಗಳು ತುಂಬಾ. ನಿಮ್ಮದೂ ಹಾಗಿದ್ದರೆ ಹೊರಡುವ ಮೊದಲೇ ಸರಿಮಾಡಿಸಿಕೊಂಡರೆ ಎಲ್ಲ ಕೌಂಟರಿನಲ್ಲೂ ವಿವರಣೆ ಕೊಡುವುದು ತಪ್ಪುತ್ತದೆ.

ಥಾಯ್ಲೆಂಡಿಗೆ ಸದ್ಯ ನಮಗೆ ಮೊದಲೇ ವೀಸಾ ಬೇಕಿಲ್ಲ. ಎಷ್ಟು ದಿನ ಅನ್ನುವ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್‌ಗೆ ಮೊದಲು ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. 2025ರ ಮೇ 1ರಿಂದ ಆನ್‌ಲೈನ್ ಆಗಮನ ಕಾರ್ಡ್ ತುಂಬುವುದು ಕಡ್ಡಾಯ, ಅದು ಪುಕ್ಕಟೆ. ವಿಮಾನದ ಕೌಂಟರಿನಲ್ಲಿ ಥಾಯ್ಲೆಂಡಿನಿಂದ ಹೇಗೆ ಹೊರಡುತ್ತೀರಿ ಅಂತ ಕೇಳಬಹುದು. ಹೊ ಚಿ ಮಿನ್ ಸಿಟಿಯ ಮರಳುವ ಟಿಕೆಟ್, ವಿಯೆಟ್ನಾಂ ವೀಸಾ ಎರಡನ್ನೂ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಕಾಲ ಯಾವುದು? ಡಿಸೆಂಬರ್ ಮೊದಲ ವಾರ ಹೊರಡಿ. ಮಳೆ ಮುಗಿದಿರುತ್ತದೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಉತ್ತರ ಥಾಯ್ಲೆಂಡ್, ಲಾವೋಸ್‌ನಲ್ಲಿ ಹೊಲ, ಕಾಡು ಸುಡುವ ಹೊಗೆ, ಕಣ್ಣು ಉರಿಯುತ್ತದೆ. ಮಧ್ಯ ವಿಯೆಟ್ನಾಂನ ಹುಯೆ, ಹೊಯ್ ಆನ್ ಕಡೆ ಅಕ್ಟೋಬರ್, ನವೆಂಬರ್ ಅಂದರೆ ನೆರೆ. ಡಿಸೆಂಬರ್‌ನಲ್ಲಿ ಹೊರಟರೆ ವಿಯೆಟ್ನಾಂ ಜನವರಿಗೆ ಬರುತ್ತದೆ. ಅಲ್ಲಿನ ಹೊಸ ವರ್ಷ ತೆತ್ ಬರುವುದು ಜನವರಿ ಕೊನೆಯಿಂದ ಫೆಬ್ರವರಿ ಮೂರನೇ ವಾರದೊಳಗೆ. ಆಗ ಇಡೀ ದೇಶವೇ ಊರಿಗೆ ಹೊರಟಿರುತ್ತದೆ, ರೈಲು ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ. ಅದಕ್ಕೆ ಮೊದಲೇ ಮರಳಿ. ಹನೋಯ್‌ನಲ್ಲಿ ಮಾತ್ರ ಜನವರಿಯಲ್ಲಿ ಚಳಿ, ಕರಾವಳಿಯವರಿಗೆ ಒಂದು ಸ್ವೆಟರ್ ಬೇಕೇ ಬೇಕು.

ಊಟದ ವಿಷಯಕ್ಕೆ ಮೀನು ತಿನ್ನುವವರು ಚಿಂತೆ ಮಾಡಬೇಕಿಲ್ಲ. ಅನ್ನ, ಮೀನು, ಥಾಯ್ ಗಸಿಗಳಲ್ಲಿ ತೆಂಗಿನ ಹಾಲು, ಮನೆಯ ರುಚಿಗೆ ದೂರವೇನಲ್ಲ. ಸಸ್ಯಾಹಾರಿಗಳು ಗಮನಿಸಿ, ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ಥಾಯ್ಲೆಂಡಿನಲ್ಲಿ ‘ಜೇ’, ವಿಯೆಟ್ನಾಂನಲ್ಲಿ ‘ಚಾಯ್’ ಎಂಬ ಬೋರ್ಡಿನ ಅಂಗಡಿ ಹುಡುಕಿ. ವಿಯೆಟ್ನಾಂನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಬೌದ್ಧರು ಮಾಂಸ ಬಿಡುವುದರಿಂದ ಆ ದಿನ ಸಸ್ಯಾಹಾರ ಸುಲಭವಾಗಿ ಸಿಗುತ್ತದೆ.

ಹಣವನ್ನು ಎರಡು ಪಾಲು ಮಾಡಿ. ಇಬ್ಬರ ಹತ್ತಿರ ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇರಲಿ, ಒಂದೇ ಚೀಲದಲ್ಲಿ ಎರಡೂ ಬೇಡ. ಥಾಯ್ಲೆಂಡಿನ ಎಟಿಎಂ ಹೊರಗಿನ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಅದಕ್ಕೂ ಜಾಸ್ತಿ ಕತ್ತರಿಸುತ್ತದೆ. ಸಣ್ಣ ಸಣ್ಣ ಮೊತ್ತ ತೆಗೆಯಬೇಡಿ. ಯಂತ್ರ ರೂಪಾಯಿಯಲ್ಲಿ ಲೆಕ್ಕ ಹಾಕಲಾ ಅಂತ ಕೇಳಿದರೆ ಬೇಡ ಅನ್ನಿ, ಆ ದರ ಯಾವಾಗಲೂ ನಷ್ಟದ್ದು. ವಿಯೆಟ್ನಾಂನಲ್ಲಿ 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ ಛಾಯೆ. ಕತ್ತಲೆಯಲ್ಲಿ ಟ್ಯಾಕ್ಸಿಗೆ ಕೊಡುವಾಗ ಸೊನ್ನೆ ಎಣಿಸಿ ಕೊಡಿ.

ಬಾಡಿಗೆ ಸ್ಕೂಟರ್ ಆಸೆ ಇದ್ದರೆ ಇಲ್ಲಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ, ಶುಲ್ಕ 1,000 ರೂಪಾಯಿ, ಒಂದು ವರ್ಷಕ್ಕೆ. ಥಾಯ್ಲೆಂಡಿನಲ್ಲಿ ಅದು ನಡೆಯುತ್ತದೆ. ನಮ್ಮ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಅಲ್ಲಿ ಓಡಿಸಿ ಬಿದ್ದರೆ ವಿಮೆಯವರು ಕೈಯೆತ್ತುತ್ತಾರೆ. ವಿಮೆಯಲ್ಲಿ ಹಣ ಉಳಿಸಲು ಹೋಗಬೇಡಿ. ಡೆಂಗಿ ನಮಗೆ ಹೊಸದಲ್ಲ, ಮಂಗಳೂರು, ಉಡುಪಿಯವರಿಗೆ ಮಳೆಗಾಲದ ಸೊಳ್ಳೆ ಗೊತ್ತೇ ಇದೆ. ಅಲ್ಲೂ ಅದೇ ಸೊಳ್ಳೆ, ಅದೇ ಜ್ವರ. ಹೊರಡುವ ಒಂದು ತಿಂಗಳು ಮೊದಲು ಡಾಕ್ಟರನ್ನು ಕಂಡು ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಬೇಕಾ ಅಂತ ಕೇಳಿ.

ಈಗಲೇ ಮಾಡಬೇಕಾದ್ದು ಪಾಸ್‌ಪೋರ್ಟ್ ತೆಗೆದು ನೋಡುವುದು. ಮರಳುವ ದಿನದಿಂದ ಮುಂದೆ ಆರು ತಿಂಗಳ ಅವಧಿ, ಎರಡು ಮೂರು ಖಾಲಿ ಪುಟ ಇರಬೇಕು. ಇಲ್ಲದಿದ್ದರೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಈ ವಾರವೇ ಅಪಾಯಿಂಟ್‌ಮೆಂಟ್ ಹಾಕಿ. ಆಮೇಲೆ ವಿಮಾನ, ಆಮೇಲೆ ವಿಯೆಟ್ನಾಂ ವೀಸಾ. ರೂಮುಗಳನ್ನು ಬ್ಯಾಂಕಾಕ್‌ನ ಮೊದಲ ಎರಡು ರಾತ್ರಿಗೆ ಮಾತ್ರ ಕಾದಿರಿಸಿ, ಉಳಿದದ್ದು ದಾರಿಯಲ್ಲಿ ನೋಡಿಕೊಂಡರಾಯಿತು.